ಹೆಸರಿನ ಪಕ್ಕ ಇನ್ನೊಂದು ಹೆಸರು

ಕೊಯ್ನಾ ಕಡೆ ಮಳೆ ಹಿಡಿದು ಕೃಷ್ಣೆ ಏರಿದರೆ ಚಿಕ್ಕೋಡಿ ಭಾಗದ ಕಲ್ಲೋಳ–ಯಡೂರ ಸೇತುವೆ ಮುಳುಗುವುದು ಹೆಚ್ಚುಕಡಿಮೆ ಪ್ರತಿ ಮಳೆಗಾಲದ ಸುದ್ದಿ. ಕೆಳಗೆ ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮರೆಯಾಗಿ, ನಡುಗಡ್ಡೆಯ ಜನ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹೇಳದೆ ಕೇಳದೆ ಬರುವ ನೀರಲ್ಲ ಇದು. ಎಲ್ಲಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬ ಲೆಕ್ಕ ನೀರಿಗಿಂತ ಮೊದಲೇ ಊರಿಗೆ ಬಂದಿರುತ್ತದೆ.

ಆ ಲೆಕ್ಕ ಊರೊಳಗೆ ಹೇಗೆ ಹರಡುತ್ತದೆ ನೋಡಿ. ಪಂಚಾಯಿತಿಯವರು ಆಟೊಕ್ಕೆ ಮೈಕು ಕಟ್ಟಿ ಓಣಿ ಓಣಿ ಸುತ್ತಿಸುತ್ತಾರೆ. ತಹಶೀಲ್ದಾರ್ ಕಚೇರಿಯ ಪ್ರಕಟಣೆಯನ್ನು ಯಾರೋ ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಉಳಿದದ್ದು ಕಟ್ಟೆಯ ಮೇಲಿನ ಮಾತು. ಕಿವಿ ಕೇಳದವರಿಗೆ ಮೈಕು ಇದ್ದೂ ಇಲ್ಲ. ಕಣ್ಣು ಕಾಣದವರ ಫೋನು ಅಕ್ಷರದಲ್ಲಿ ಬಂದ ಸಂದೇಶವನ್ನು ಓದಿ ಹೇಳೀತು, ಫೋಟೊದ ಒಳಗೆ ಸಿಕ್ಕಿಬಿದ್ದ ಕನ್ನಡ ಅಕ್ಷರವನ್ನು ಓದುವ ಭರವಸೆ ಇಲ್ಲ. ಹಾಸಿಗೆ ಹಿಡಿದವರು ಕಟ್ಟೆಗೆ ಹೋಗುವುದಿಲ್ಲ. ಇವರ ಜೊತೆಗೆ ಇನ್ನೊಂದು ಬಗೆಯವರಿದ್ದಾರೆ. ಅವರಿಗೆ ಎಲ್ಲವೂ ಕೇಳಿಸಿರುತ್ತದೆ, ಎಲ್ಲವೂ ತಿಳಿದಿರುತ್ತದೆ. ಆದರೆ ಯಾರಾದರೂ ಬಂದು ಎತ್ತದೆ ಹೊಸ್ತಿಲು ದಾಟಲಾರರು.

ಯಾರು ಬರುತ್ತಾರೆ? ಈ ಲೇಖನಕ್ಕೆ ಇರುವುದು ಇದೊಂದೇ ಪ್ರಶ್ನೆ. ಅಂಗವೈಕಲ್ಯ ಇರುವವರ ವಿಪತ್ತು ಸಿದ್ಧತೆ ಎಂದರೆ ಟಾರ್ಚು, ಬಿಸ್ಕತ್ತು, ಸೀಟಿ ತುಂಬಿದ ಚೀಲ ಎಂದು ಹೇಳುವ ಕರಪತ್ರಗಳು ಬೇಕಾದಷ್ಟಿವೆ. ಚೀಲ ಬೇಡ ಎನ್ನುತ್ತಿಲ್ಲ. ಆದರೆ ಚೀಲ ಮನುಷ್ಯನನ್ನು ಎತ್ತುವುದಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 13.24 ಲಕ್ಷ. ಆಮೇಲೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ ವೈಕಲ್ಯಗಳ ಸಂಖ್ಯೆಯನ್ನು 21ಕ್ಕೆ ಏರಿಸಿತು. ಹೊಸದಾಗಿ ಎಣಿಸಿದರೆ ಲೆಕ್ಕ ಹೆಚ್ಚುವುದೇ ಹೊರತು ಇಳಿಯದು. ಆ ಕಾಯ್ದೆಯ 8ನೇ ಕಲಮನ್ನು ವಕೀಲರೂ ಅಷ್ಟಾಗಿ ತೆರೆದು ನೋಡುವುದಿಲ್ಲ. ಅದರಲ್ಲಿರುವುದು ಸರಳ ಮಾತು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ತನ್ನ ಜಿಲ್ಲೆಯ ಅಂಗವಿಕಲರ ವಿವರಗಳ ದಾಖಲೆ ಇಟ್ಟಿರಬೇಕು, ಅಪಾಯದ ಸಂದರ್ಭವನ್ನು ಅವರಿಗೆ ತಿಳಿಸಲು ತಕ್ಕ ಏರ್ಪಾಡು ಮಾಡಬೇಕು. ಪ್ರಾಧಿಕಾರದ ಮುಖ್ಯಸ್ಥರು ಜಿಲ್ಲಾಧಿಕಾರಿ. ಅಂದರೆ ಇದು ಯಾವುದೋ ಸಂಘಸಂಸ್ಥೆಯ ದಯೆಗೆ ಬಿಟ್ಟ ಕೆಲಸವಲ್ಲ, ಡಿ.ಸಿ. ಕಚೇರಿಯಲ್ಲಿ ಇರಬೇಕಾದ ಕಡತ. 2019ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ.

ದಾಖಲೆಗೆ ಬರವಿಲ್ಲ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಇದೆ, ಮಾಸಾಶನದ ಪಟ್ಟಿ ಇದೆ, ಆಶಾ ಕಾರ್ಯಕರ್ತೆಯ ಪುಸ್ತಕ ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಜನ ಕರೆಯುವ ವಿ.ಆರ್.ಡಬ್ಲ್ಯೂ.ಗಳು ಇದ್ದಾರೆ. ಬಹುಪಾಲು ಅವರೂ ಅಂಗವಿಕಲರೇ. ತಮ್ಮ ಊರಿನ ಯಾವ ಮನೆಯಲ್ಲಿ ಯಾರು ಹೇಗಿದ್ದಾರೆ ಎಂದು ಬಲ್ಲವರು. ಬೇರೆ ರಾಜ್ಯಗಳಿಗೆ ಸುಲಭಕ್ಕೆ ದಕ್ಕದ ಜಾಲ ಇದು. ಆದರೆ ನಮ್ಮ ಪಟ್ಟಿಗಳೆಲ್ಲ ಸೌಲಭ್ಯ ಕೊಡಲು ಮಾಡಿದವು. ವೈಕಲ್ಯ ಶೇಕಡಾ ಎಷ್ಟು, ಬ್ಯಾಂಕ್ ಖಾತೆ ಯಾವುದು, ಆಧಾರ್ ಜೋಡಣೆ ಆಗಿದೆಯೇ ಎಂಬುದು ಅವಕ್ಕೆ ಗೊತ್ತು. ಈ ಅಜ್ಜ ಪಡಸಾಲೆಯಲ್ಲಿ ಮಲಗುತ್ತಾರೋ ಹಿತ್ತಲ ಕೋಣೆಯಲ್ಲೋ, ಎತ್ತಲು ಇಬ್ಬರು ಸಾಕೋ ನಾಲ್ವರು ಬೇಕೋ, ಉಸಿರಾಟದ ಯಂತ್ರಕ್ಕೆ ಕರೆಂಟು ಬೇಕೋ, ಹಗಲು ಹನ್ನೊಂದು ಗಂಟೆಗೆ ಮನೆಯಲ್ಲಿ ಅವರ ಜೊತೆ ಯಾರಿರುತ್ತಾರೆ ಎಂಬುದು ಯಾವ ಕಾಲಂನಲ್ಲೂ ಇಲ್ಲ. ಯಲಹಂಕದ ವಿಕೋಪ ಉಸ್ತುವಾರಿ ಕೇಂದ್ರ ಯಾವ ಗ್ರಾಮ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತೆಂದು ಹೇಳುತ್ತದೆ. ಆ ಮಳೆ ಬಿದ್ದ ಊರಿನಲ್ಲಿ ತಾನಾಗಿ ಎದ್ದು ಹೊರಬರಲಾಗದವರು ಯಾರ್‍ಯಾರು ಎಂದು ಕೇಳಿದರೆ ಅಷ್ಟೇ ಚುರುಕಾಗಿ ಉತ್ತರ ಸಿಗುವ ವ್ಯವಸ್ಥೆ ಬೇಕಿದೆ.

ಪಟ್ಟಿ ಇತ್ತು, ಜೀವ ಉಳಿಯಲಿಲ್ಲ

ಪಟ್ಟಿ ಮಾಡಿದರೆ ಮುಗಿಯಿತು ಎನ್ನುವವರು ಜಪಾನಿನ ಕಥೆ ಕೇಳಬೇಕು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಅಲ್ಲಿ ಲೆಕ್ಕ ಹಾಕಿದಾಗ, ಹೊಡೆತ ತಿಂದ ಕರಾವಳಿ ಪಟ್ಟಣಗಳಲ್ಲಿ ಅಂಗವಿಕಲರು ಸತ್ತ ಪ್ರಮಾಣ ಒಟ್ಟು ಜನಸಂಖ್ಯೆಯಲ್ಲಿ ಸತ್ತವರ ಪ್ರಮಾಣದ ಸುಮಾರು ಎರಡು ಪಟ್ಟು ಇತ್ತು. 2013ರಲ್ಲಿ ಕಾನೂನು ತಿದ್ದಿದರು. ತಪ್ಪಿಸಿಕೊಳ್ಳಲು ನೆರವು ಬೇಕಾದವರ ಪಟ್ಟಿಯನ್ನು ಪ್ರತಿ ಸ್ಥಳೀಯ ಆಡಳಿತವೂ ಇಟ್ಟಿರಲೇಬೇಕೆಂದಾಯಿತು. ಪಟ್ಟಿಗಳು ತಯಾರಾದವು, ಅಚ್ಚುಕಟ್ಟಾಗಿಯೇ.

2018ರ ಜುಲೈನಲ್ಲಿ ಪಶ್ಚಿಮ ಜಪಾನಿನಲ್ಲಿ ಭಾರಿ ಮಳೆ. ಕುರಾಶಿಕಿ ನಗರಕ್ಕೆ ಸೇರಿದ ಮಾಬಿ ಎಂಬಲ್ಲಿ ನದಿಯ ಒಡ್ಡು ಒಡೆದು ಊರಿಗೆ ನೀರು ನುಗ್ಗಿತು. ಸತ್ತವರು 51 ಜನ. ಅವರಲ್ಲಿ 42 ಮಂದಿಯ ಹೆಸರು ಆ ಪಟ್ಟಿಯಲ್ಲಿತ್ತು. ಇವರಿಗೆ ನೆರವು ಬೇಕೆಂದು ಸರ್ಕಾರಕ್ಕೆ ಗೊತ್ತಿತ್ತು. ನೆರವಾಗುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. 2021ರಲ್ಲಿ ಜಪಾನ್ ಮತ್ತೆ ಕಾನೂನು ತಿದ್ದಿತು. ಈ ಸಲ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಪ್ರತ್ಯೇಕ ಯೋಜನೆ ಮಾಡಲು ಸ್ಥಳೀಯ ಆಡಳಿತ ಶ್ರಮಿಸಬೇಕೆಂದು ಬರೆದರು: ಯಾರು ಬರುತ್ತಾರೆ, ಯಾವ ದಾರಿ, ಎಲ್ಲಿಗೆ. ಹೆಸರಿನ ಪಕ್ಕ ಇನ್ನೊಂದು ಹೆಸರು. ಎರಡು ದುರಂತ, ಹತ್ತು ವರ್ಷ ದಾಟಿದ ಮೇಲೆ ಅವರು ಬಂದು ನಿಂತದ್ದು ಇಲ್ಲಿಗೆ. ನಾವು ಇಲ್ಲಿಂದಲೇ ಶುರುಮಾಡಬಹುದು.

ಜಪಾನಿನದೇ ಇನ್ನೊಂದು ಊರು, ಹೊಕ್ಕೈಡೊ ದ್ವೀಪದ ಉರಕಾವಾ. ಮೀನುಗಾರರ ಸಣ್ಣ ಪಟ್ಟಣ. ಅಲ್ಲಿನ 'ಬೆತೆಲ್ ಮನೆ' ಎಂಬ ಸಮುದಾಯದಲ್ಲಿ ಸ್ಕಿಜೋಫ್ರೇನಿಯಾದಂಥ ಮನೋವ್ಯಾಧಿ ಇರುವವರು ಒಟ್ಟಿಗೆ ಬದುಕುತ್ತಾ ದುಡಿಯುತ್ತಾರೆ. ಭೂಕಂಪ ಆದ ನಾಲ್ಕು ನಿಮಿಷದೊಳಗೆ ಸಮುದ್ರಮಟ್ಟದಿಂದ ಹತ್ತು ಮೀಟರ್ ಮೇಲೆ ಹತ್ತಿರಬೇಕು ಎಂಬ ಗುರಿ ಇಟ್ಟುಕೊಂಡು ಅವರು ಅಭ್ಯಾಸ ಮಾಡಿದ್ದರು. ಗಾಬರಿಯ ಹೊತ್ತಿನಲ್ಲಿ ಉದ್ದುದ್ದ ಸೂಚನೆ ಓದಿ ಅರ್ಥಮಾಡಿಕೊಳ್ಳುವುದು ತಮ್ಮಲ್ಲಿ ಹಲವರಿಗೆ ಆಗುವುದಿಲ್ಲ ಎಂದು ಅವರಿಗೇ ಗೊತ್ತಿತ್ತು. ಹಾಗಾಗಿ ತಮ್ಮದೇ ಬೀದಿಯ ಚಿತ್ರ, ದನಿ, ಸರಳ ವಾಕ್ಯ ಸೇರಿಸಿದ ಕೈಪಿಡಿಯನ್ನು ತಜ್ಞರ ಜೊತೆ ಕೂತು ಮಾಡಿಕೊಂಡರು. 2011ರಲ್ಲಿ ಸುನಾಮಿ ಉರಕಾವಾಕ್ಕೂ ಬಂತು. ಬೆತೆಲ್ ಮನೆಯವರು ಆ ಹೊತ್ತಿಗೆ ಎತ್ತರದ ಜಾಗ ಸೇರಿಯಾಗಿತ್ತು.

ನಮ್ಮಲ್ಲಿ ಅಣಕು ಕಾರ್ಯಾಚರಣೆ ನಡೆಯುವ ರೀತಿ ಬೇರೆ. ಮೈದಾನದಲ್ಲಿ ಶಾಮಿಯಾನ, ಮೈಕು, ಅಗ್ನಿಶಾಮಕ ದಳದ ವಾಹನ, ಗಾಯಾಳುವಿನ ಪಾತ್ರದಲ್ಲಿ ಸ್ಟ್ರೆಚರ್ ಮೇಲೆ ಮಲಗುವ ಗಟ್ಟಿಮುಟ್ಟಾದ ಹುಡುಗ. ಎತ್ತುವವರು ಹೇಳಿದಂತೆ ಕೇಳುತ್ತಾನೆ, ಎಲ್ಲಿ ಹಿಡಿದರೂ ನೋವೆನ್ನುವುದಿಲ್ಲ. ನಿಜವಾಗಿ ಬೆನ್ನುಹುರಿಗೆ ಪೆಟ್ಟಾದವರನ್ನು ಕರೆಸಿ "ಹೇಗೆ ಎತ್ತಬೇಕು ನೀವೇ ಹೇಳಿ" ಎಂದರೆ ಕಾರ್ಯಾಚರಣೆ ಒಂದು ಗಂಟೆ ತಡವಾದೀತು. ಆಗಲಿ. ನದಿದಂಡೆಯಲ್ಲಿ ಆಗುವ ತಡಕ್ಕಿಂತ ಮೈದಾನದಲ್ಲಿ ಆಗುವ ತಡ ಮೇಲು.

ಮನೆಮನೆಯ ಲೆಕ್ಕ

"ನಮ್ಮ ಮಂದಿ ಅದಾರ್ರಿ, ಎತ್ತಿಕೊಂಡ ಹೋಗತಾರ." ಊರಿನಲ್ಲಿ ಕೇಳಿದರೆ ಸಿಗುವ ಉತ್ತರ ಇದು, ಸುಳ್ಳೂ ಅಲ್ಲ. ರಾತ್ರಿಯಾದರೆ ಖಂಡಿತ ಎತ್ತಿಕೊಂಡು ಹೋಗುತ್ತಾರೆ. ಆದರೆ ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಗಾರೆ ಕೆಲಸಕ್ಕೆ ಹೋಗಿದ್ದರೆ? ಸೊಸೆ ಹೊಲದಲ್ಲಿ, ಮಕ್ಕಳು ಶಾಲೆಯಲ್ಲಿ ಇರುವ ಹೊತ್ತಾದರೆ? ಆದ್ದರಿಂದ ಒಬ್ಬರಿಗೆ ಕನಿಷ್ಠ ಮೂವರ ಹೆಸರು ಬರೆದಿಡಬೇಕು, ಅದರಲ್ಲಿ ಒಬ್ಬರಾದರೂ ಮನೆಯವರಲ್ಲದೆ ಪಕ್ಕದ ಮನೆಯವರಾಗಿರಬೇಕು. ಹಗಲು ಊರಲ್ಲಿರುವವರು ಯಾರೆಂದು ನೋಡಿದರೆ ಕಿರಾಣಿ ಅಂಗಡಿಯವರು, ಹಿಟ್ಟಿನ ಗಿರಣಿಯವರು, ಅಂಗನವಾಡಿ ಕಾರ್ಯಕರ್ತೆ. ದೂರದ ಬಂಧುವಿಗಿಂತ ಇವರು ಬೇಗ ಬರುತ್ತಾರೆ. ಹೆಸರು ಬರೆದಿರುವುದು ಅವರಿಗೂ ತಿಳಿದಿರಬೇಕು. ತನ್ನ ಹೆಸರು ಪಟ್ಟಿಯಲ್ಲಿದೆ ಎಂದು ಗೊತ್ತೇ ಇಲ್ಲದ ನೆರೆಯವನು ಯಾರಿಗೂ ನೆರವಾಗಲಾರ.

ಇಲ್ಲೊಂದು ಎಚ್ಚರ. ಒಂಟಿಯಾಗಿರುವ ಅಂಧ ಹೆಣ್ಣುಮಗಳೊಬ್ಬಳ ವಿಳಾಸವನ್ನು ಪಂಚಾಯಿತಿ ಗೋಡೆಗೆ ಅಂಟಿಸುವುದು ಸಿದ್ಧತೆಯಲ್ಲ, ಹೊಸ ಅಪಾಯ. ಪಟ್ಟಿ ಯಾರ ಕೈಯಲ್ಲಿರಬೇಕು, ಯಾವಾಗ ತೆರೆಯಬೇಕು ಎಂದು ಅವಳನ್ನೇ ಕೇಳಿ ನಿಶ್ಚಯಿಸಬೇಕು.

ಎತ್ತುವ ವಿಷಯಕ್ಕೆ ಬರೋಣ. ಬಹಳಷ್ಟು ಅನಾಹುತ ಆಗುವುದು ಒಳ್ಳೆಯ ಮನಸ್ಸಿನಿಂದಲೇ. ಹೆಗಲ ಮೇಲೆ ಹೊಟ್ಟೆ ಊರಿ ತಲೆಕೆಳಗಾಗಿ ಹೊರುವ ಪದ್ಧತಿ ಉಸಿರಾಟದ ತೊಂದರೆ ಇರುವವರಿಗೆ, ಬೆನ್ನುಹುರಿ ಪೆಟ್ಟಿನವರಿಗೆ ಹೊಂದದು. ಸ್ಪರ್ಶ ಜ್ಞಾನವಿಲ್ಲದ ಕಾಲನ್ನು ಬಾಗಿಲಿಗೆ ತಾಗಿಸಿದರೆ ಆತನಿಗೆ ಗೊತ್ತೇ ಆಗುವುದಿಲ್ಲ. ಗಾಯ ಕಾಣುವುದು ಎರಡು ದಿನದ ಮೇಲೆ. ವೀಲ್‌ಚೇರ್ ಸಮೇತ ಎತ್ತುವಾಗ ಕಳಚಿ ಬರುವ ತೋಳಿನ ಭಾಗ ಹಿಡಿದರೆ ಅದೊಂದೇ ಕೈಗೆ ಬರುತ್ತದೆ. ಮೆಟ್ಟಿಲಲ್ಲಿ ಹಿಂದೆ ಒಬ್ಬರು ಹಿಡಿಕೆ, ಮುಂದೆ ಇಬ್ಬರು ಚೌಕಟ್ಟು ಹಿಡಿಯಬೇಕು. ಬ್ಯಾಟರಿ ಗಾಡಿಯಾದರೆ ಭಾರ ವಿಪರೀತ. ಮನುಷ್ಯನನ್ನು ಮೊದಲು ಸಾಗಿಸಿ ಗಾಡಿಗೆ ಆಮೇಲೆ ಬರಬೇಕಾದೀತು. ಆದರೆ ಬರಲೇಬೇಕು. ದೋಣಿಯಲ್ಲಿ ಜಾಗವಿಲ್ಲ ಎಂದು ಗಾಡಿ, ಕ್ಯಾಲಿಪರ್, ಊರುಗೋಲು ಬಿಟ್ಟುಬಂದರೆ ಪರಿಹಾರ ಕೇಂದ್ರದಲ್ಲಿ ಆತ ಮೂಲೆ ಸೇರಿದ ಹಾಗೆಯೇ. ಕಣ್ಣು ಕಾಣದವರ ಕೈ ಹಿಡಿದು ಎಳೆಯಬಾರದು, ಅವರು ನಿಮ್ಮ ಮೊಣಕೈ ಹಿಡಿಯಲಿ. ನೀರು ತುಂಬಿದ ದಾರಿಯಲ್ಲಿ ಬಿಳಿಕೋಲಿಗೆ ಚರಂಡಿ, ರಸ್ತೆ ಬೇರೆಬೇರೆಯಾಗಿ ತಿಳಿಯುವುದಿಲ್ಲ. ಆಟಿಸಂ ಇರುವ ಮಗು ಸೈರನ್ನಿಗೆ ಹೆದರಿ ಮಂಚದ ಕೆಳಗೆ ಹೋಗಿ ಅಡಗಬಹುದು. ಎಲ್ಲರೂ ಹೊರಬಂದರು ಎಂದು ಎಣಿಸುವವನಿಗೆ ಇದು ಗೊತ್ತಿರಬೇಕು.

ಕರೆಂಟಿನ ಮಾತು ಬೇರೆಯೇ. ಪ್ರವಾಹಕ್ಕೆ ಮೊದಲು ಹೋಗುವುದು ಅದು. ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಂಡವರು ಹೆಸ್ಕಾಂ, ಬೆಸ್ಕಾಂ ಸ್ಥಳೀಯ ಕಚೇರಿಗೆ ತಮ್ಮ ಮನೆಯಲ್ಲಿ ಇಂಥ ಯಂತ್ರ ಇದೆಯೆಂದು ಬರೆದುಕೊಡಬೇಕು, ಬದಲಿಗೆ ಸಿಲಿಂಡರ್ ಇಟ್ಟುಕೊಂಡಿರಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ವಾರಕ್ಕೆ ಎರಡು ಮೂರು ಸಲ ಪಟ್ಟಣ ಮುಟ್ಟಲೇಬೇಕು. ಸೇತುವೆ ಮುಳುಗುವ ಊರಿನವರು ಮಳೆ ಜೋರಾಗುವ ಮೊದಲೇ ಈಚೆ ದಂಡೆಯ ಬಂಧುಗಳ ಮನೆ ಸೇರುವುದು ಲೇಸು. ಮೂರ್ಛೆರೋಗದ ಮಾತ್ರೆ ಹಠಾತ್ತನೆ ನಿಂತರೆ ಫಿಟ್ಸು ಒಂದರ ಮೇಲೊಂದು ಬರಬಹುದು. ಆದ್ದರಿಂದ ಮಾತ್ರೆಯ ಹೆಸರು, ಪ್ರಮಾಣ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೈಮೇಲೇ ಇಟ್ಟುಕೊಳ್ಳಬೇಕು, ಎರಡು ವಾರದ ಮಾತ್ರೆ ಕೈಯಲ್ಲಿರಬೇಕು.

ಎಚ್ಚರಿಕೆಯ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಇದ್ದಕ್ಕಿದ್ದಂತೆ ಕಿರುಚಿಕೊಂಡದ್ದು ಹಲವರಿಗೆ ನೆನಪಿರಬಹುದು. ಪರೀಕ್ಷೆಗಾಗಿ ಕಳಿಸಿದ ತುರ್ತು ಸಂದೇಶ ಅದು. ಜೋರು ಸದ್ದು, ಜೊತೆಗೆ ಕಂಪನ, ತೆರೆಯ ಮೇಲೆ ಅಕ್ಷರ. ಕಿವಿ ಕೇಳದವರಿಗೆ ಕಂಪನ, ಕಣ್ಣು ಕಾಣದವರಿಗೆ ಓದಿ ಹೇಳಬಹುದಾದ ಅಕ್ಷರ. ಮೈಕಿಗಿಂತ ಎಷ್ಟೋ ವಾಸಿ. ಆದರೆ ಫೋನು ಇರಬೇಕು, ಚಾರ್ಜು ಇರಬೇಕು, ಕಿವುಡರು ಮಲಗುವಾಗ ಅದು ದಿಂಬಿನ ಕೆಳಗಿರಬೇಕು. ಅತ್ತ ಕಡೆಯಿಂದ ಹೇಳುವುದಾಯಿತು. ಇತ್ತ ಕಡೆಯಿಂದ ಕರೆಯುವುದು? 112ಕ್ಕೆ ಕರೆ ಮಾಡಿ ಮಾತಾಡಲಾಗದವರು ಅದರ ಆ್ಯಪ್ ಹಾಕಿಕೊಂಡು ಎಸ್‌ಒಎಸ್ ಗುಂಡಿ ಒತ್ತಬಹುದು. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮಾತ್ರ ಮಾತು ಬರುವವರಿಗಾಗಿ ಇರುವ ಸಂಖ್ಯೆ. ಕಿವುಡರು ಬರೆದು ಕಳಿಸಲು ಪ್ರತಿ ಜಿಲ್ಲೆಗೂ ಒಂದು ವಾಟ್ಸ್‌ಆ್ಯಪ್ ಸಂಖ್ಯೆ ಇಟ್ಟರೆ ಸರ್ಕಾರದ ಬೊಕ್ಕಸ ಬರಿದಾಗದು.

ಎತ್ತರದ ಮನೆ, ಬೀಗದ ಬಾಗಿಲು

ಇಷ್ಟು ಹೊತ್ತು ಹೇಳಿದ್ದು ಹೊಳೆದಂಡೆಯ ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ನಿಶ್ಚಿಂತರಾಗಿರಬೇಕಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಸುತ್ತ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಿದ್ದನ್ನು ಎಲ್ಲರೂ ಕಂಡಿದ್ದಾರೆ. ನೆಲಮಾಳಿಗೆಗೆ ನೀರು ನುಗ್ಗಿ ಕರೆಂಟು ತೆಗೆದರೆ ಲಿಫ್ಟೂ ನಿಂತಂತೆ. ಲಿಫ್ಟನ್ನೇ ನಂಬಿ ಎಂಟನೇ ಮಹಡಿಯಲ್ಲಿ ಮನೆ ಮಾಡಿದವರು ಆಗ ಏನು ಮಾಡಬೇಕು? ಬೆಂಕಿ ಬಿದ್ದರಂತೂ ಲಿಫ್ಟ್ ಬಳಸುವಂತೆಯೇ ಇಲ್ಲ.

ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದಲ್ಲಿ 1993ರಲ್ಲಿ ಬಾಂಬ್ ಸಿಡಿದಾಗ 69ನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ, ಕೈಕಾಲು ಸ್ವಾಧೀನವಿಲ್ಲದ ನೌಕರರೊಬ್ಬರನ್ನು ಕೆಳಗಿಳಿಸಲು ಆರು ಗಂಟೆ ಹಿಡಿಯಿತು. ಆ ಘಟನೆಯ ಬಳಿಕ ಮೆಟ್ಟಿಲ ಮೇಲೆ ಜಾರಿಸಿಕೊಂಡು ಹೋಗಬಹುದಾದ ವಿಶೇಷ ಕುರ್ಚಿಗಳನ್ನು ಅಲ್ಲಿ ತರಿಸಿಟ್ಟರು. 2001ರ ಸೆಪ್ಟೆಂಬರ್ 11ರಂದು ಅದೇ ವ್ಯಕ್ತಿ ಅದೇ ಮಹಡಿಯಲ್ಲಿದ್ದರು. ಹತ್ತು ಮಂದಿ ಸಹೋದ್ಯೋಗಿಗಳು ಸರದಿಯಂತೆ ಆ ಕುರ್ಚಿಯಲ್ಲಿ ಅವರನ್ನು ಇಳಿಸಿದರು. ಉತ್ತರದ ಗೋಪುರ ವಿಮಾನ ಬಡಿದ 102 ನಿಮಿಷಕ್ಕೆ ಕುಸಿಯಿತು. ಅಷ್ಟರೊಳಗೆ ಅವರು ಹೊರಗಿದ್ದರು. ಅದೇ ಗೋಪುರದ 27ನೇ ಮಹಡಿಯಲ್ಲಿ, ಅಂದರೆ ಎಷ್ಟೋ ಕೆಳಗೆ, ವೀಲ್‌ಚೇರಿನಲ್ಲಿದ್ದ ಇನ್ನೊಬ್ಬರು ನೆರವಿಗೆ ಕಾಯುತ್ತಾ ಉಳಿದರು. ಬಿಟ್ಟುಹೋಗಲೊಲ್ಲದ ಗೆಳೆಯನೊಬ್ಬ ಜೊತೆಗೇ ಕೂತ. ಇಬ್ಬರೂ ತೀರಿಕೊಂಡರು. 78ನೇ ಮಹಡಿಯಲ್ಲಿದ್ದ ಅಂಧ ಮಾರಾಟ ಅಧಿಕಾರಿ ಮೈಕೆಲ್ ಹಿಂಗ್ಸನ್ ತಮ್ಮ ಮಾರ್ಗದರ್ಶಿ ನಾಯಿ ರೋಸೆಲ್ ಜೊತೆ ಮೆಟ್ಟಿಲಿಳಿದು ಪಾರಾದರು. ಪತ್ರಿಕೆಗಳು ನಾಯಿಯನ್ನು ಕೊಂಡಾಡಿದವು. ಕಟ್ಟಡದ ತುರ್ತು ದಾರಿಗಳನ್ನು ತಾವು ಮೊದಲೇ ಕಲಿತಿಟ್ಟುಕೊಂಡಿದ್ದುದನ್ನು ಹಿಂಗ್ಸನ್ ಮತ್ತೆ ಮತ್ತೆ ಹೇಳುತ್ತಾ ಬಂದರು. ನಾಯಿಗೆ ದಾರಿ ಹೇಳುವವರು ಅವರೇ ಅಲ್ಲವೇ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 24 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಆಸರೆಯ ತಾಣ ಬಿಡಬೇಕೆನ್ನುತ್ತದೆ: ಇಳಿಯಲಾಗದವರು ಹೊಗೆಯಿಂದ ದೂರ ಕಾಯುವ ಜಾಗ. ಹಳೆಯ ಸೈಕಲ್ಲು, ಮುರಿದ ಸೋಫಾ ಪೇರಿಸಿಡಲು ಅದಕ್ಕಿಂತ ಅನುಕೂಲದ ಸ್ಥಳ ನಿವಾಸಿಗಳಿಗೆ ಸಿಗುವುದಿಲ್ಲ. ಮೆಟ್ಟಿಲಿಳಿಸುವ ಒಂದು ಕುರ್ಚಿ ಕೊಳ್ಳುವ ಮಾತು ಸಂಘದ ವಾರ್ಷಿಕ ಸಭೆಯಲ್ಲಿ ಎತ್ತಿ ನೋಡಿ. ಈಜುಕೊಳದ ಟೈಲ್ಸ್ ಬದಲಾಯಿಸುವುದಕ್ಕಿಂತ ಹೆಚ್ಚು ಚರ್ಚೆಯಾಗುತ್ತದೆ.

ವಸತಿ ಸಂಸ್ಥೆಗಳ ಸ್ಥಿತಿ ಇನ್ನೂ ನಾಜೂಕು. 2021ರ ಜುಲೈನಲ್ಲಿ ಜರ್ಮನಿಯ ಆರ್ ನದಿ ಉಕ್ಕಿದ ರಾತ್ರಿ ಜಿನ್‌ಜಿಗ್ ಎಂಬ ಪಟ್ಟಣದ ಅಂಗವಿಕಲರ ಮನೆಯಲ್ಲಿ 12 ಮಂದಿ ಮುಳುಗಿ ಸತ್ತರು. ಎಲ್ಲರೂ ನೆಲಮಹಡಿಯವರು. ರಾತ್ರಿ ಪಾಳಿಯಲ್ಲಿ ಇದ್ದವನು ಒಬ್ಬನೇ. ಬದುಕಲು ಬೇಕಾಗಿದ್ದದ್ದು ಒಂದು ಮಹಡಿಯ ಎತ್ತರ. ಅಷ್ಟು ಶ್ರೀಮಂತ ದೇಶದಲ್ಲಿ ಇದಾಯಿತು. ನಮ್ಮ ಪಕ್ಕದ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ನಸುಕಿನಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಬಿದ್ದು 28 ಮನೋರೋಗಿಗಳು ಸುಟ್ಟುಹೋದರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಇಂಥ ಕಡೆ ಸಿದ್ಧತೆ ಎಂದರೆ ಸೈರನ್ನು, ಕ್ಯಾಮೆರಾ ಅಲ್ಲ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಬೀಗದ ಕೈ ಯಾರ ಸೊಂಟದಲ್ಲಿ, ನಡೆಯಲಾಗದವರನ್ನು ಯಾವ ಮಹಡಿಯಲ್ಲಿ ಮಲಗಿಸಿದ್ದಾರೆ: ತಪಾಸಣೆಗೆ ಹೋಗುವ ಅಧಿಕಾರಿ ಕೇಳಬೇಕಾದ್ದು ಇಷ್ಟೇ. ಕೇಳಲು ಹಗಲು ಹೋಗಬಾರದು, ರಾತ್ರಿ ಹೋಗಬೇಕು.

ದಂಡೆ ಸೇರಿದ ಮೇಲೆ

2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಒಟ್ಟಿಗೆ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಶಾಲೆ, ಕಲ್ಯಾಣ ಮಂಟಪಗಳೆಲ್ಲ ಪರಿಹಾರ ಕೇಂದ್ರಗಳಾದವು. ಈಗ ಅವನ್ನು ಕಾಳಜಿ ಕೇಂದ್ರ ಎನ್ನುತ್ತೇವೆ. ಶಾಲೆಗೆ ಇಳಿಜಾರು ದಾರಿ ಇರಬಹುದು, ಶೌಚಾಲಯಕ್ಕೆ ಮೆಟ್ಟಿಲಿರುತ್ತದೆ. ಶೌಚಕ್ಕೆ ಹೋಗಲು ಇನ್ನೊಬ್ಬರ ಹೆಗಲು ಬೇಕಾದ ಹೆಣ್ಣುಮಕ್ಕಳು ಊಟ, ನೀರು ಕಡಿಮೆ ಮಾಡಿಬಿಡುತ್ತಾರೆ. ಹಾಸಿಗೆಗೆ ಅಂಟಿಕೊಂಡವರನ್ನು ಚಾಪೆಯ ಮೇಲೆ ಮಲಗಿಸಿದರೆ ಮೈ ಹುಣ್ಣಾಗಲು ಹೆಚ್ಚು ದಿನ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೆತ್ತನೆಯ ಹಾಸು ಬೇಕು. ಗದ್ದಲ ತಾಳದ ಮಕ್ಕಳಿಗೆ ಒಂದು ತರಗತಿ ಕೋಣೆ ಬಿಡಿಸಿಕೊಟ್ಟರೆ ಎಷ್ಟೋ ತಾಯಂದಿರು ಅಪಾಯದ ಮನೆಗೆ ವಾಪಸು ಓಡುವುದು ತಪ್ಪುತ್ತದೆ. ಕೇಂದ್ರವಾಗಿ ಗುರುತಿಸುವ ಮೊದಲೇ ಆ ಕಟ್ಟಡಕ್ಕೆ ವಿ.ಆರ್.ಡಬ್ಲ್ಯೂ. ಒಬ್ಬರನ್ನು ಕರೆದೊಯ್ದು ಬಾಗಿಲಿಂದ ಬಚ್ಚಲವರೆಗೆ ಓಡಾಡಿ ನೋಡಲು ಹೇಳಿದರೆ ಸಾಕು.

ಮುಂಗಾರಿಗೆ ಮುನ್ನ ಪ್ರತಿ ಜಿಲ್ಲೆಯಲ್ಲೂ ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ಮೇವು ಎಷ್ಟು ವಾರಕ್ಕೆ ಸಾಕು ಎಂಬ ಪ್ರಶ್ನೆಗೆ ಪಶುಪಾಲನಾ ಇಲಾಖೆಯವರು ನಿಂತು ಉತ್ತರ ಹೇಳುತ್ತಾರೆ. ಸರಿಯೇ, ದನಗಳ ಲೆಕ್ಕ ಇರಲೇಬೇಕು. ಅದೇ ಸಭೆಯಲ್ಲಿ ಅಂಗವಿಕಲರ ಕಲ್ಯಾಣಾಧಿಕಾರಿಯನ್ನೂ ನಿಲ್ಲಿಸಿ, ನದಿಪಾತ್ರದ ಊರುಗಳಲ್ಲಿ ಎತ್ತಿ ಸಾಗಿಸಬೇಕಾದವರು ಎಷ್ಟು, ಅವರಲ್ಲಿ ಎಷ್ಟು ಮಂದಿಯ ಪಕ್ಕ ಎತ್ತುವವರ ಹೆಸರಿದೆ ಎಂದು ಕೇಳುವುದಕ್ಕೆ ಹೊಸ ಆದೇಶವೇನೂ ಬೇಕಿಲ್ಲ. 8ನೇ ಕಲಮು ಸಾಕು.

ಅದೇ ಕಲಮಿನ ಕೊನೆಯ ಭಾಗ ಪುನರ್ನಿರ್ಮಾಣದ್ದು. ವಿಪತ್ತಿನ ಬಳಿಕ ಕಟ್ಟುವುದೇನಿದ್ದರೂ ಅಂಗವಿಕಲರ ರಾಜ್ಯ ಆಯುಕ್ತರ ಜೊತೆ ಸಮಾಲೋಚಿಸಿ, ಅಂಗವಿಕಲರಿಗೆ ಓಡಾಡಲು ಬರುವಂತೆ ಕಟ್ಟಬೇಕು. ಪ್ರವಾಹದ ಊರಿನಲ್ಲಿ ಇಲ್ಲೊಂದು ಪೇಚು ಎದುರಾಗುತ್ತದೆ. ನೀರು ನುಗ್ಗದಿರಲೆಂದು ಮನೆಯ ಅಡಿಪಾಯ ಎತ್ತರಿಸುತ್ತಾರೆ. ಎರಡು ಅಡಿ ಎತ್ತರಿಸಿದರೆ ನಾಲ್ಕು ಮೆಟ್ಟಿಲು. ಅದರ ಬದಲು ಇಳಿಜಾರು ಮಾಡಲು ಹೋದರೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 24 ಅಡಿ ಉದ್ದ ಬೇಕು. ಪುನರ್ವಸತಿ ಬಡಾವಣೆಯ ಸಣ್ಣ ನಿವೇಶನದ ಮುಂದೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಮನೆ ಮನೆಯ ಅಡಿಪಾಯ ಎತ್ತರಿಸುವ ಬದಲು ಮಣ್ಣು ತುಂಬಿ ಇಡೀ ಬಡಾವಣೆಯನ್ನೇ, ರಸ್ತೆಯ ಸಮೇತ, ಎತ್ತರಕ್ಕೆ ತಂದರೆ ಹೊಸ್ತಿಲಿಗೆ ಒಂದು ಮೆಟ್ಟಿಲು ಉಳಿದೀತು. ಅದಕ್ಕೆ ಆರು ಅಡಿ ಇಳಿಜಾರು ಸಾಕು. ಎಂಜಿನಿಯರು ನಕ್ಷೆ ಎಳೆಯುವ ದಿನ ಇದನ್ನು ಹೇಳಿದರೆ ಮಣ್ಣಿನ ಖರ್ಚು. ಬೀಗದ ಕೈ ಕೊಟ್ಟ ಮೇಲೆ ಹೇಳಿದರೆ ಗೋಡೆ ಒಡೆಯಬೇಕು.